ಲೂಪ್ ಲೈನಿನ ಉದ್ದ

ಗುಬ್ಬಿಗೆ ರೈಲು ಬಂದದ್ದು 1884ರಲ್ಲಿ. ಕುಣಿಗಲ್‌ಗೆ ಬಂದದ್ದು 2017ರಲ್ಲಿ. ಎರಡೂ ನಮ್ಮ ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರಗಳೇ. ಒಂದು ಊರಿನವರು ಮುತ್ತಾತನ ಕಾಲದಿಂದಲೂ ರೈಲಿನ ಕೂಗು ಕೇಳಿ ಹೊತ್ತು ಲೆಕ್ಕ ಹಾಕಿದವರು. ಇನ್ನೊಂದು ಊರಿನವರು ಮೊನ್ನೆ ಮೊನ್ನೆಯವರೆಗೂ ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕಿತ್ತು. ನಾನಿರುವುದು ತುಮಕೂರಿನಲ್ಲಿ, ಕನ್ನಡ ಪಾಠ ಹೇಳುವುದು ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ, ಅಪ್ಪ ಮೂವತ್ತು ವರ್ಷ ದುಡಿದದ್ದು ಗುಬ್ಬಿಯ ಆಸುಪಾಸಿನ ಹಳಿಗಳ ಮೇಲೆ. ಗ್ಯಾಂಗ್‌ಮನ್ ಆಗಿ ಸೇರಿ, ಕೀಮನ್ ಆಗಿ, ಕೊನೆಗೆ ಗ್ಯಾಂಗಿನ ಮೇಸ್ತ್ರಿಯಾಗಿ ನಿವೃತ್ತಿಯಾದವನು. ಹಾಗಾಗಿ ನಮ್ಮ ಮನೆಗೆ ರೈಲಿನ ಮಾತು ಹೊಸದಲ್ಲ. ಕಳೆದ ವರ್ಷ ಹೊಸದಾಗಿ ಬಂದದ್ದು ಒಂದು ರಟ್ಟಿನ ಪೆಟ್ಟಿಗೆ.

ಇಂಗ್ಲೆಂಡಿನಲ್ಲಿರುವ ತಂಗಿ ಮೂರು ವಾರದ ರಜೆಗೆ ಬಂದಾಗ ಅದನ್ನು ತಂದಳು. ಒಳಗೆ ಆಟಿಕೆ ರೈಲಿನ ಹಳಿಗಳು, ಒಂದು ಪುಟ್ಟ ಟ್ಯಾಂಕ್ ಇಂಜಿನ್, ಒಂದು ಡೀಸೆಲ್ ಇಂಜಿನ್, ಹತ್ತು ಹನ್ನೆರಡು ನಾಲ್ಕು ಗಾಲಿಯ ವ್ಯಾಗನ್‌ಗಳು, ವೇಗ ಹೆಚ್ಚು ಕಡಿಮೆ ಮಾಡುವ ಒಂದು ಡಬ್ಬಿ. ಯಾರೋ ಬಳಸಿ ಮಾರಿದ ಮಾಲು. ಆಟಿಕೆ ಎಂದೆನಾದರೂ ಅದು ಮಕ್ಕಳ ಆಟಿಕೆಯಲ್ಲ. ಆ ದೇಶದಲ್ಲಿ ಅರವತ್ತು ಎಪ್ಪತ್ತರ ಗಂಡಸರು ಮನೆಯ ಅಟ್ಟದಲ್ಲಿ ಇಂಥದ್ದನ್ನು ಹರಡಿಕೊಂಡು ವರ್ಷಗಟ್ಟಲೆ ಕಟ್ಟುತ್ತಾರಂತೆ. ಮೊಣಕಾಲು ಹೋದ ಮೇಲೆ ಅಪ್ಪ ತನ್ನ ಕೋಣೆ ಬಿಟ್ಟು ಹೊರಗೆ ಬರುವುದೇ ಕಡಿಮೆಯಾಗಿತ್ತು. ಅಮ್ಮ ಹೋದ ಮೇಲೆ ಮಾತೂ ಕಡಿಮೆಯಾಗಿತ್ತು. ತಂಗಿಯ ಲೆಕ್ಕ ಸರಳವಾಗಿತ್ತು: ಅಪ್ಪನಿಗೆ ಕೈಗೊಂದು ಕೆಲಸ ಬೇಕು.

ಹಳಿ ಬಂತು, ಇನ್ನು ನಕ್ಷೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಯಾವಾಗಲೋ ಕೊಂಡಿದ್ದ ಹಳೆಯ ಅಮೆರಿಕನ್ ಪುಸ್ತಕವೊಂದರಲ್ಲಿ ಮಾದರಿ ರೈಲುಮಾರ್ಗಗಳ ನಕ್ಷೆಗಳಿದ್ದವು. ಅದರಲ್ಲೊಂದು ನನಗೆ ಹಿಡಿಸಿತು. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆ. ನಮ್ಮಲ್ಲಿ ಪ್ಲೈವುಡ್ ಹಾಳೆ ಸಿಗುವುದೂ ಅದೇ ಅಳತೆಯಲ್ಲಿ. ಅದರ ಮೇಲೆ ಮೊಟ್ಟೆಯಾಕಾರದ ಒಂದು ಮುಖ್ಯ ಹಳಿ. ಮುಂಭಾಗದ ನೇರದಲ್ಲಿ ಪಕ್ಕಕ್ಕೆ ಹೊರಟು ಮತ್ತೆ ಬಂದು ಸೇರುವ ಒಂದು ಲೂಪ್ ಲೈನ್. ಒಳಗಡೆಗೆ ಗೂಡ್ಸ್ ನಿಲ್ಲಿಸಲು ಒಂದು ಸೈಡಿಂಗ್. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬೆರಳಿನಲ್ಲಿ ಗೆರೆ ಹಿಡಿದು ಒಂದು ಸುತ್ತು ಬಂದು, "ಮೈನು, ಲೂಪು, ಸೈಡಿಂಗು. ಇದೆಲ್ಲಿ ಅಮೆರಿಕಾನೋ, ಇದು ನಮ್ ಸಣ್ ಸ್ಟೇಷನ್ನೇ ಕಣೋ" ಎಂದ.

ಆದರೆ ಆ ನಕ್ಷೆ ಬರೆದದ್ದು ಬೇರೆ ಹಳಿಗೆ, ನಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಬೇರೆ ಹಳಿ.

ಇಂಥ ಹಳಿಗಳು ತುಂಡು ತುಂಡಾಗಿ ಬರುತ್ತವೆ. ಪ್ರತಿ ತುಂಡಿಗೂ ಗೊತ್ತಾದ ಉದ್ದ, ಗೊತ್ತಾದ ಬಾಗು. ಅಮೆರಿಕದ ಪುಸ್ತಕ ಬಳಸಿದ ಬಾಗು ಹಳಿಯ ತ್ರಿಜ್ಯ 18 ಇಂಚು, ಅಂದರೆ 457 ಮಿಲಿಮೀಟರ್. ಒಂದು ತುಂಡು 30 ಡಿಗ್ರಿ ತಿರುಗುತ್ತದೆ, ಹನ್ನೆರಡು ಸೇರಿದರೆ ಒಂದು ವೃತ್ತ. ನೇರ ತುಂಡು 9 ಇಂಚು. ನಮ್ಮ ಪೆಟ್ಟಿಗೆಯ ಇಂಗ್ಲಿಷ್ ಹಳಿಯಲ್ಲಿ ಬಾಗಿನ ತ್ರಿಜ್ಯ 438 ಮಿ.ಮೀ., ಒಂದು ತುಂಡು 22.5 ಡಿಗ್ರಿ, ವೃತ್ತಕ್ಕೆ ಹದಿನಾರು ತುಂಡು. ನೇರ ತುಂಡು 168 ಮಿ.ಮೀ. ಎರಡಕ್ಕೂ ಹಳಿಗಳ ನಡುವಿನ ಅಂತರ ಒಂದೇ, 16.5 ಮಿ.ಮೀ. ಗಾಡಿ ಎರಡರ ಮೇಲೂ ಓಡುತ್ತದೆ. ನಕ್ಷೆ ಮಾತ್ರ ಕೂರುವುದಿಲ್ಲ.

ಅಪ್ಪನ ಮೊದಲ ತಕರಾರು ಆ 16.5ರ ಬಗ್ಗೆಯೇ ಇತ್ತು. ಸ್ಟೀಲ್ ಸ್ಕೇಲಿನಲ್ಲಿ ಅಳೆದು, "ಇದು ಮೀಟರ್ ಗೇಜೋ ಬ್ರಾಡ್ ಗೇಜೋ?" ಎಂದ. ಎರಡೂ ಅಲ್ಲ. 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ನಮ್ಮ 1676 ಮಿ.ಮೀ. ಬ್ರಾಡ್ ಗೇಜ್ 19.3 ಮಿ.ಮೀ. ಆಗಬೇಕು, 1000 ಮಿ.ಮೀ. ಮೀಟರ್ ಗೇಜ್ 11.5 ಆಗಬೇಕು. 16.5 ಎನ್ನುವುದು ಯುರೋಪು ಅಮೆರಿಕಗಳ 1435 ಮಿ.ಮೀ. ಹಳಿಯ ಲೆಕ್ಕ. ಇಂಗ್ಲೆಂಡಿನವರ ಕಥೆ ಇನ್ನೂ ಸ್ವಾರಸ್ಯದ್ದು. ಅವರ ನಿಜವಾದ ರೈಲುಗಳು ಗಾತ್ರದಲ್ಲಿ ಚಿಕ್ಕವು. ನೂರು ವರ್ಷದ ಹಿಂದೆ ಮಾದರಿ ಇಂಜಿನ್ ಮಾಡಹೊರಟಾಗ ಆಗಿನ ಮೋಟಾರು ಅದರ ಹೊಟ್ಟೆಯೊಳಗೆ ಹಿಡಿಸಲಿಲ್ಲ. ಹಾಗಾಗಿ ಗಾಡಿಯನ್ನು 76ರಲ್ಲಿ ಒಂದು ಪಾಲಿಗೆ ದೊಡ್ಡದು ಮಾಡಿ, ಹಳಿಯನ್ನು ಮಾತ್ರ 16.5ರಲ್ಲೇ ಬಿಟ್ಟರು. ಲೆಕ್ಕದ ಪ್ರಕಾರ ಅವರ ಹಳಿ 18.8 ಇರಬೇಕಿತ್ತು. ಇವತ್ತಿಗೂ ಆ ದೇಶದ ಬಹುಪಾಲು ಮಾದರಿ ರೈಲುಗಳು ತಮ್ಮ ಮೈಗೆ ಇಕ್ಕಟ್ಟಾದ ಹಳಿಯ ಮೇಲೇ ಓಡುತ್ತಿವೆ, ಯಾರಿಗೂ ಅದು ಕಣ್ಣಿಗೆ ಚುಚ್ಚುವುದಿಲ್ಲ. ಇದನ್ನು ಕೇಳಿ ಅಪ್ಪ ಸ್ಕೇಲನ್ನು ಕೆಳಗಿಟ್ಟ. "ಹಂಗಾರೆ ನಾವು ಇದ್ನ ಮೀಟರ್ ಗೇಜ್ ಅಂದ್ಕಳಣ" ಎಂದು ತೀರ್ಪು ಕೊಟ್ಟ.

ಎರಡನೆಯ ತೊಡಕು ಬಾಗಿನದು. ಪುಸ್ತಕದಲ್ಲಿ ಅರ್ಧವೃತ್ತಕ್ಕೆ ಆರು ತುಂಡು ಬರೆದಿದೆ. ಅದರ ಬದಲು ನಮ್ಮ ಆರು ತುಂಡು ಜೋಡಿಸಿದರೆ 135 ಡಿಗ್ರಿಗೆ ನಿಂತುಬಿಡುತ್ತದೆ. ರೈಲು ಗೋಡೆಯ ಕಡೆ ಮುಖ ಮಾಡುತ್ತದೆ. ತುಂಡಿಗೆ ತುಂಡು ಬದಲಿಸುವ ದಾರಿ ಇಲ್ಲ. ಹಾಗಾದರೆ ಎಲ್ಲಿ ಬದಲಿಸಬೇಕು? ಕಾಲು ವೃತ್ತದಲ್ಲಿ. ಮೂವತ್ತರ ಮೂರು ಸೇರಿದರೂ 90, ಇಪ್ಪತ್ತೆರಡೂವರೆಯ ನಾಲ್ಕು ಸೇರಿದರೂ 90. ಎರಡು ಪದ್ಧತಿಗಳೂ ಒಂದೇ ಕಡೆಗೆ ಮುಖ ಮಾಡುವ ಜಾಗ ಅದು. ನಕ್ಷೆಯನ್ನು ಕಾಲು ಕಾಲು ವೃತ್ತಗಳಾಗಿ ಬಿಡಿಸಿಕೊಂಡರೆ, ಪ್ರತಿ ಕಾಲಿನೊಳಗೆ ಎಷ್ಟು ತುಂಡಿದೆ ಎಂಬುದು ನಮ್ಮ ನಮ್ಮ ಪೆಟ್ಟಿಗೆಗೆ ಬಿಟ್ಟದ್ದು.

ಕನ್ನಡ ಮೇಷ್ಟ್ರಿಗೆ ಇದು ಪರಿಚಿತ ಲೆಕ್ಕ. ಮೂರು ಮಾತ್ರೆಯ ಗಣಗಳೂ ನಾಲ್ಕು ಮಾತ್ರೆಯ ಗಣಗಳೂ ಬೇರೆ ಬೇರೆ ನಡಿಗೆಯವು, ಆದರೆ ಹನ್ನೆರಡನೆಯ ಮಾತ್ರೆಯಲ್ಲಿ ಎರಡೂ ಒಟ್ಟಿಗೆ ಹೆಜ್ಜೆ ಇಡುತ್ತವೆ. ಮಹಾಭಾರತದ ಕಥೆ ಕನ್ನಡದಲ್ಲಿ ಎಷ್ಟು ಹಳಿಗಳ ಮೇಲೆ ಓಡಿದೆ ನೋಡಿ. ಪಂಪ ಹತ್ತನೆಯ ಶತಮಾನದಲ್ಲಿ ಅದನ್ನು ಚಂಪುವಿನಲ್ಲಿ ನಡೆಸಿದ, ಕಂದ ವೃತ್ತಗಳ ನಡುವೆ ಗದ್ಯವಿಟ್ಟು. ಕುಮಾರವ್ಯಾಸ ಭಾಮಿನಿ ಷಟ್ಪದಿಯಲ್ಲಿ ಓಡಿಸಿದ, ಮೂರು ನಾಲ್ಕರ ಗಣಗಳಲ್ಲಿ. ಲಕ್ಷ್ಮೀಶ ಅಶ್ವಮೇಧದ ಭಾಗವನ್ನು ವಾರ್ಧಕದ ಐದು ಮಾತ್ರೆಗೆ ಒಗ್ಗಿಸಿದ. ಪಂಪನ ಒಂದು ಪದ್ಯವನ್ನು ಹಾಗೇ ಎತ್ತಿ ಭಾಮಿನಿಗೆ ತುಂಬಲು ಹೋದರೆ ಆರು ಸಾಲಿನೊಳಗೆ ಅದು ಹಿಡಿಯುವುದಿಲ್ಲ, ಹಿಡಿದರೂ ಉಸಿರಾಡುವುದಿಲ್ಲ. ಕಥೆಯಲ್ಲಿ ಎರಡೂ ಛಂದಸ್ಸುಗಳು ತಲುಪಲೇಬೇಕಾದ ಜಾಗಗಳಿವೆ. ಜೂಜು, ವನವಾಸ, ಯುದ್ಧ. ಆ ಜಾಗಗಳ ನಡುವೆ ಎಷ್ಟು ಗಣ, ಎಷ್ಟು ಪದ್ಯ ಎನ್ನುವುದು ಕವಿಯ ಪೆಟ್ಟಿಗೆಯಲ್ಲಿ ಏನಿದೆ ಎಂಬುದಕ್ಕೆ ಸೇರಿದ್ದು.

ಮೂರನೆಯದೇ ನಿಜವಾದ ಕಷ್ಟ. ಅಪ್ಪನ ಕೋಣೆಯಲ್ಲಿ ಮಂಚ, ಬೀರು, ಗೋಡೆಯ ಪಕ್ಕದಲ್ಲಿ ಒಂದಿಷ್ಟು ಜಾಗ. ಅಲ್ಲಿ ಎಂಟಡಿಯ ಹಲಗೆ ಹಿಡಿಸುವುದಿಲ್ಲ, ಆರಡಿಯಷ್ಟೇ ಸಾಧ್ಯ. ಆರಡಿ ಎಂದರೆ 1829 ಮಿ.ಮೀ. ಎರಡು ತುದಿಯ ಅರ್ಧವೃತ್ತಗಳಿಗೆ 876 ಹೋಯಿತು. ಅಂಚಿಗೆ ಅಷ್ಟಿಷ್ಟು ಬಿಟ್ಟರೆ ನಡುವಿನ ನೇರಕ್ಕೆ ಉಳಿಯುವುದು 168ರ ಐದು ತುಂಡುಗಳು. ಲೂಪ್ ಲೈನ್ ಇರಬೇಕಾದದ್ದು ಆ ಐದು ತುಂಡುಗಳ ಪಕ್ಕದಲ್ಲಿ. ಈಗ ಪಾಯಿಂಟಿನ ಲೆಕ್ಕ. ಮುಖ್ಯ ಹಳಿಯಿಂದ ಪಾಯಿಂಟಿನಲ್ಲಿ 22.5 ಡಿಗ್ರಿ ಕವಲೊಡೆದು, ಇನ್ನೊಂದು ಬಾಗು ತುಂಡಿನಲ್ಲಿ ಅಷ್ಟೇ ಹಿಂದಕ್ಕೆ ತಿರುಗಿದರೆ ಲೂಪು 67 ಮಿ.ಮೀ. ದೂರದಲ್ಲಿ ಸಮಾನಾಂತರಕ್ಕೆ ಬರುತ್ತದೆ. ಇದಕ್ಕೆ ಬೇಕಾದ ಉದ್ದ ಎರಡು ನೇರ ತುಂಡಿನಷ್ಟು. ಹೋಗುವಾಗ ಎರಡು, ವಾಪಸು ಸೇರುವಾಗ ಎರಡು. ಐದರಲ್ಲಿ ನಾಲ್ಕು ಕಳೆದರೆ ಒಂದು. ಗಾಡಿ ನಿಲ್ಲಲು ಉಳಿದದ್ದು 168 ಮಿ.ಮೀ.; ಒಂದು ಗೇಣೂ ಇಲ್ಲ. ಇಂಜಿನ್ ನಿಂತರೆ ಅದರ ಹಿಂದಿನ ವ್ಯಾಗನ್ನಿಗೆ ಜಾಗವಿಲ್ಲ.

ತಂಗಿಗೆ ಇದು ಸಮಸ್ಯೆಯಾಗಿ ಕಾಣಲಿಲ್ಲ. "ಲೂಪ್ ಬಿಟ್ಹಾಕಿ ಅಣ್ಣ. ಬರೀ ಓವಲ್ ಮಾಡಿದ್ರೆ ಇವತ್ತೇ ಮುಗಿಯುತ್ತೆ. ನಾನು ಹೋಗೋದ್ರೊಳಗೆ ಅಪ್ಪ ರೈಲು ಓಡಿಸೋದು ನೋಡ್ಬೇಕು" ಎಂದಳು. ಅವಳ ಕೈಯಲ್ಲಿ ಇನ್ನು ಹನ್ನೊಂದು ದಿನ ಇತ್ತು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ.

ಅಪ್ಪ ಒಪ್ಪಲಿಲ್ಲ. "ಸುಮ್ನೆ ಸುತ್ತೋದು ಜಾತ್ರೇಲಿ ತೊಟ್ಲು. ರೈಲು ಅಂದ್ರೆ ನಿಂತ್ಕಂಡು ದಾರಿ ಬಿಡ್ಬೇಕು" ಎಂದ.

ಒಂಟಿ ಹಳಿಯ ದಾರಿ ನೋಡದವರಿಗೆ ಈ ಮಾತು ಅರ್ಥವಾಗುವುದು ಕಷ್ಟ. ಎದುರು ಬದುರು ಬರುವ ಎರಡು ಗಾಡಿಗೆ ಇರುವುದು ಒಂದೇ ಹಳಿ. ಅವು ಒಂದನ್ನೊಂದು ದಾಟಬಹುದಾದದ್ದು ಸ್ಟೇಷನ್ನಿನಲ್ಲಿ ಮಾತ್ರ. ಒಂದು ಮೊದಲು ಬಂದು ಲೂಪಿನಲ್ಲಿ ನಿಲ್ಲುತ್ತದೆ, ಇನ್ನೊಂದು ಹಾದುಹೋಗುತ್ತದೆ, ಆಮೇಲೆ ಇದು ಹೊರಡುತ್ತದೆ. ಇದೇ ಕ್ರಾಸಿಂಗ್. ಲೂಪು ಸೇರುವ ಕಡೆ ಎರಡು ಹಳಿಗಳ ನಡುವೆ ನೆಲದಲ್ಲಿ ಒಂದು ಗುರುತಿನ ಕಲ್ಲು ಇರುತ್ತದೆ, ಫೌಲಿಂಗ್ ಮಾರ್ಕ್ ಎನ್ನುತ್ತಾರೆ. ನಿಂತ ಗಾಡಿಯ ಬಾಲ ಆ ಗುರುತಿನ ಒಳಗೇ ಇರಬೇಕು. ದಾಟಿದ್ದರೆ ಹಾದುಹೋಗುವ ಗಾಡಿ ತಗಲುತ್ತದೆ. ಒಂದು ದಾರಿಯಲ್ಲಿ ಎಷ್ಟು ಉದ್ದದ ಗಾಡಿ ಓಡಿಸಬಹುದು ಎನ್ನುವುದನ್ನು ನಿರ್ಧರಿಸುವುದು ಇಂಜಿನ್ನಿನ ಬಲವೊಂದೇ ಅಲ್ಲ, ದಾರಿಯ ಸ್ಟೇಷನ್ನುಗಳ ಲೂಪಿನ ಉದ್ದ ಕೂಡ.

ಎರಡು ದಿನ ಕೆಲಸ ನಿಂತಿತು. ಆ ಎರಡು ದಿನ ಅಪ್ಪ ಹಳಿಯ ತುಂಡುಗಳ ಜೊತೆ ತನ್ನದೇ ಪರೀಕ್ಷೆ ನಡೆಸಿದ. ಬಾಗಿನ ಹದ ನೋಡಲು ಗ್ಯಾಂಗಿನವರು 20 ಮೀಟರ್ ದಾರವನ್ನು ಹಳಿಯ ಒಳ ಅಂಚಿಗೆ ಎಳೆದು ಹಿಡಿದು, ನಡುಮಧ್ಯದಲ್ಲಿ ದಾರಕ್ಕೂ ಹಳಿಗೂ ಎಷ್ಟು ಅಂತರ ಎಂದು ಅಳೆಯುತ್ತಾರೆ. ವರ್ಸೈನ್ ಎಂದು ಅದರ ಹೆಸರು. ಅಪ್ಪ ಹೊಲಿಗೆ ದಾರ ತೆಗೆದುಕೊಂಡು, 200 ಮಿ.ಮೀ. ಹಿಡಿದು, ತಂಗಿಯಿಂದ ಅಳೆಸಿದ. ಹನ್ನೊಂದು ಮಿ.ಮೀ. ಮತ್ತು ಒಂದು ಕೂದಲು. ನನ್ನಿಂದ ಲೆಕ್ಕ ಮಾಡಿಸಿದ. ನಮ್ಮ ಬಾಗನ್ನು 76 ಪಾಲು ಹಿಗ್ಗಿಸಿದರೆ ತ್ರಿಜ್ಯ ಸುಮಾರು 33 ಮೀಟರ್. ರೈಲ್ವೆಯವರು ಬಾಗನ್ನು ಡಿಗ್ರಿಯಲ್ಲಿ ಹೇಳುತ್ತಾರೆ. 1750ನ್ನು ಮೀಟರ್ ಲೆಕ್ಕದ ತ್ರಿಜ್ಯದಿಂದ ಭಾಗಿಸಿದರೆ ಡಿಗ್ರಿ. ಬ್ರಾಡ್ ಗೇಜಿಗೆ ಗರಿಷ್ಠ 10 ಡಿಗ್ರಿ, ಮೀಟರ್ ಗೇಜಿಗೆ 16, ಬೆಟ್ಟ ಹತ್ತುವ ನ್ಯಾರೋ ಗೇಜಿಗೆ 40. ನಮ್ಮ ಹಲಗೆಯದ್ದು 52 ಬಂತು.

"ಐವತ್ತೆರಡಾ!" ಅಪ್ಪ ಬಹಳ ದಿನಗಳ ಮೇಲೆ ನಕ್ಕ. "ಪಿ.ಡಬ್ಲ್ಯು.ಐ. ನೋಡಿದ್ರೆ ಸಸ್ಪೆಂಡ್ ಮಾಡ್ತಿದ್ದ."

ಆ ನಗುವಿನ ಜೊತೆಗೇ ದಾರಿಯೂ ಹೊಳೆದಿರಬೇಕು. ಇಷ್ಟು ಕೆಟ್ಟ ಬಾಗಿನಲ್ಲೂ ಗಾಡಿ ಹೋಗುತ್ತದೆ ಎಂದಾದರೆ, ಬಾಗಿನಲ್ಲಿ ಗಾಡಿ ನಿಲ್ಲಲೂಬಹುದಲ್ಲ? "ಸ್ಟೇಷನ್ ಪೂರಾ ನೇರ ಇರ್ಬೇಕು ಅಂತ ಯಾರು ಹೇಳಿದ್ರು? ಪ್ಲಾಟ್‌ಫಾರಂ ನೇರ ಇದ್ರೆ ಸಾಕು. ಬಾಲ ತಿರುವಲ್ಲಿ ನಿಂತ್ಕಳ್ಳಿ" ಎಂದು ಬೆರಳಿನಲ್ಲಿ ನಕ್ಷೆಯ ಬಲತುದಿಯನ್ನು ಸುತ್ತಿ ತೋರಿಸಿದ. ಮುಂದಿನ ನೇರದ ಎಡತುದಿಯಲ್ಲಿ ಹೊರಟ ಲೂಪು ಅಲ್ಲೇ ವಾಪಸು ಸೇರದೆ, ಮುಖ್ಯ ಹಳಿಯ ಹೊರಗಿನಿಂದ ಬಲತುದಿಯ ಅರ್ಧವೃತ್ತವನ್ನೂ ಸುತ್ತಿ, ಹಿಂಬದಿಯ ನೇರದ ಕೊನೆಯಲ್ಲಿ ಹೋಗಿ ಸೇರಲಿ. ಪೆಟ್ಟಿಗೆಯಲ್ಲಿ 505 ಮಿ.ಮೀ. ತ್ರಿಜ್ಯದ ದೊಡ್ಡ ಬಾಗುಗಳೂ ಇದ್ದವು. 438ಕ್ಕೂ 505ಕ್ಕೂ ಅಂತರ ಸರಿಯಾಗಿ 67, ಪಾಯಿಂಟು ಕೊಡುವ ಅಂತರವೇ. ಹಳಿ ಮಾಡಿದವರು ಇದನ್ನು ಮೊದಲೇ ಯೋಚಿಸಿಟ್ಟಿದ್ದರು.

ಹೊರಗಿನಿಂದ ಸುತ್ತಿದರೆ ಆ ತುದಿ 67 ಮಿ.ಮೀ. ಮುಂದಕ್ಕೆ ಚಾಚುತ್ತದೆ, ಗಾಡಿ ಹಲಗೆಯ ಅಂಚಿನಲ್ಲೇ ಓಡಬೇಕಾಗುತ್ತದೆ. ಆದ್ದರಿಂದ ನೇರದಿಂದ ಇನ್ನೂ ಒಂದು ತುಂಡು ತೆಗೆದೆವು. ಐದಿದ್ದದ್ದು ನಾಲ್ಕಾಯಿತು. ನೇರ ಕಡಿಮೆಯಾಯಿತು, ಆದರೆ 168 ಮಿ.ಮೀ. ಇದ್ದ ಲೂಪಿನ ಉದ್ದ ಎರಡೂಕಾಲು ಮೀಟರ್ ಆಯಿತು. ಬಲಗೈ ಪಾಯಿಂಟು ಎರಡು, ಎಡಗೈ ಒಂದು, ದೊಡ್ಡ ಬಾಗು ಎಂಟು, ಸಣ್ಣ ಬಾಗು ಹತ್ತೊಂಬತ್ತು, ನೇರ ಹನ್ನೊಂದು. ಸೈಡಿಂಗಿಗೂ ಜಾಗ ಸಿಕ್ಕಿತು, ನಾಲ್ಕು ವ್ಯಾಗನ್ ನಿಲ್ಲುವಷ್ಟು. ಪುಸ್ತಕದ ನಕ್ಷೆಯ ಪಕ್ಕ ಇಟ್ಟು ನೋಡಿದರೆ ಒಂದು ಅಳತೆಯೂ ಹೊಂದುವುದಿಲ್ಲ. ಆದರೆ ಅಲ್ಲಿ ಯಾವುದರಿಂದ ಯಾವುದು ಕವಲೊಡೆಯುತ್ತಿತ್ತೋ ಇಲ್ಲೂ ಅದರಿಂದಲೇ ಕವಲೊಡೆಯುತ್ತದೆ. ಅಲ್ಲಿ ಏನನ್ನು ಮಾಡಬಹುದಿತ್ತೋ ಇಲ್ಲೂ ಅದನ್ನು ಮಾಡಬಹುದು. "ಅರ್ಧ ಲೋಕ ಸ್ಟೇಷನ್ನು, ಅರ್ಧ ಲೋಕ ಕಾಡು" ಎಂದ ಅಪ್ಪ.

ಹಳಿ ಕೂರಿಸುವ ಕೆಲಸ ಪೂರ್ತಿ ಅವನದೇ. ತುಂಡುಗಳನ್ನು ಜೋಡಿಸುವ ತಗಡಿನ ಚೂರಿಗೆ ಇಂಗ್ಲಿಷರು ಫಿಶ್ ಪ್ಲೇಟ್ ಎಂದೇ ಕರೆಯುತ್ತಾರೆ ಎಂದು ತಿಳಿದು ಅವನಿಗೆ ಹಿಗ್ಗು. ನಮ್ಮ ಬೇಸಿಗೆಗೆ ಹಳಿ ಹಿಗ್ಗುತ್ತದೆಂದು ಜೋಡಣೆಯ ನಡುವೆ ಮದುವೆ ಕಾರ್ಡಿನ ಚೂರು ಸಿಕ್ಕಿಸಿ, ಕೂರಿಸಿದ ಮೇಲೆ ಎಳೆದು ತೆಗೆದ. ಜಲ್ಲಿಗೆ ಜರಡಿ ಹಿಡಿದ ಎಂ-ಸ್ಯಾಂಡ್, ಮಣ್ಣಿಗೆ ತೆಂಗಿನ ನಾರಿನ ಪುಡಿ, ಪೊರಕೆ ಕಡ್ಡಿಯ ಅಡಿಕೆ ಮರ. ಕೆಲಸ ಮಾಡುತ್ತಾ ಮಾಡುತ್ತಾ, ನಾನು ಹುಟ್ಟಿದಾಗಿನಿಂದ ಕೇಳದಿದ್ದ ಕಥೆ ಹೊರಗೆ ಬಂತು.

ಮೈಸೂರು ಸೀಮೆಯ ಈ ದಾರಿಗಳೆಲ್ಲ ಮೊದಲು ಮೀಟರ್ ಗೇಜಿನವು. 1870ರ ಸುಮಾರಿಗೆ ಲಾರ್ಡ್ ಮೇಯೊ ಕಾಲದಲ್ಲಿ ಖರ್ಚು ಉಳಿಸಲೆಂದು ಆರಿಸಿಕೊಂಡ ಅಗಲ ಅದು. ನೂರಕ್ಕೂ ಹೆಚ್ಚು ವರ್ಷ ಗುಬ್ಬಿಯ ಕೊಬ್ಬರಿ, ಅಡಿಕೆ, ಜನ ಆ ಒಂದು ಮೀಟರಿನ ಮೇಲೆ ಹೋದರು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ ಶುರುವಾಯಿತು. ಆಗ ರೈಲ್ವೆ ಮಂತ್ರಿ ನಮ್ಮ ಪಕ್ಕದ ಚಳ್ಳಕೆರೆಯ ಜಾಫರ್ ಷರೀಫ್. ನಮ್ಮ ದಾರಿಯೂ ತೊಂಬತ್ತರ ದಶಕದಲ್ಲಿ ಬದಲಾಯಿತು. ಎರಡು ಗೇಜಿಗೂ ವ್ಯತ್ಯಾಸ 676 ಮಿ.ಮೀ., ಒಂದು ಮೊಳ ಮತ್ತೊಂದು ಗೇಣು. ಅಷ್ಟಕ್ಕಾಗಿ ಎಲ್ಲ ಬದಲಾಗಬೇಕು. ಮೀಟರ್ ಗೇಜಿನ ಸ್ಲೀಪರ್ ಸುಮಾರು 1.8 ಮೀಟರ್ ಉದ್ದ, ಬ್ರಾಡ್ ಗೇಜಿನದು 2.75. ಏರಿ ಅಗಲವಾಗಬೇಕು, ಸೇತುವೆ ಭಾರ ತಡೆಯಬೇಕು, 16 ಡಿಗ್ರಿಯವರೆಗೆ ತಿರುಗಬಹುದಾಗಿದ್ದ ದಾರಿ ಇನ್ನು 10ರೊಳಗೆ ತಿರುಗಬೇಕು.

"ಇಪ್ಪತ್ತು ವರ್ಷ ಕೀ ಬಡಿದ ಹಳೀನ ನಮ್ ಕೈಯಲ್ಲೇ ಕೀಳ್ಸಿದ್ರು" ಎಂದ ಅಪ್ಪ. ದುಃಖದಿಂದ ಹೇಳಿದನೋ ಹೆಮ್ಮೆಯಿಂದಲೋ ಗೊತ್ತಾಗಲಿಲ್ಲ. "ಯಾವ ಜಾಗದಲ್ಲಿ ನೀರು ನಿಲ್ತದೆ, ಯಾವ ಜಾಗ ಮಳೆಗಾಲದಲ್ಲಿ ಕುಸೀತದೆ, ಅದು ಕಾಗ್ದದಲ್ಲಿ ಇರ್ಲಿಲ್ಲ. ನಮ್ ಕಾಲಿಗೆ ಗೊತ್ತಿತ್ತು. ಹೊಸ ಹಳಿ ಬಂದ್ಮೇಲೂ ನೀರು ಅಲ್ಲೇ ನಿಲ್ತಿತ್ತು." ಹಳಿ ಬೇರೆಯಾಯಿತು, ನೆಲ ಅದೇ. ತುಮಕೂರು ಆದ ಮೇಲೆ ಗುಬ್ಬಿ, ಗುಬ್ಬಿ ಆದ ಮೇಲೆ ನಿಟ್ಟೂರು. ಆ ಸರಣಿಯೂ ಅದೇ. ಮೀಟರ್ ಗೇಜ್ ಇಂಜಿನ್ ನೋಡಬೇಕೆಂದರೆ ಈಗ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಬೇಕು. 2023ರಿಂದ ಗುಬ್ಬಿಯ ಮೇಲೆ ವಂದೇ ಭಾರತ್ ನಿಲ್ಲದೆ ಹಾದುಹೋಗುತ್ತದೆ.

ಗುಬ್ಬಿಗೆ ರೈಲು ಬಂದ 1884ರಲ್ಲೇ ಆ ಊರಿನಲ್ಲಿ ಇನ್ನೊಂದು ಹುಟ್ಟಿತು: ಮುಂದೆ ವೀರಣ್ಣನವರ ಕೈಯಲ್ಲಿ ದೊಡ್ಡ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘ. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ. ಊರೂರು ಸುತ್ತುವ ಕಂಪನಿಗೆ ಒಂದು ಊರಿನ ರಂಗ ಅಗಲ, ಇನ್ನೊಂದರದು ಇಕ್ಕಟ್ಟು. ಪರದೆ ಮಡಚಬಹುದು, ಆನೆಯನ್ನು ಮಡಚಲಾಗುವುದಿಲ್ಲ. ಮೊದಲು ಆನೆಗೆ ಜಾಗ ಇಟ್ಟು, ಉಳಿದದ್ದನ್ನು ಅದರ ಸುತ್ತ ಹೊಂದಿಸಬೇಕು. ಪ್ರತಿ ನಕ್ಷೆಯಲ್ಲೂ ಅಂಥದ್ದೊಂದು ಆನೆ ಇರುತ್ತದೆ. ನಮ್ಮ ಹಲಗೆಯಲ್ಲಿ ಅದು ಲೂಪು ಎಂದು ನನಗೆ ತಿಳಿದಿತ್ತು. ಅದೇ ಯಾಕೆ ಎಂದು ತಿಳಿದಿರಲಿಲ್ಲ. ಕೇಳಿದೆ.

ಅಮ್ಮನ ತವರು ನಿಟ್ಟೂರಿನ ಹತ್ತಿರ. ನಾವು ತುಮಕೂರಿನಲ್ಲಿ, ಅಪ್ಪನ ಗ್ಯಾಂಗು ಗುಬ್ಬಿಯಲ್ಲಿ. ಅಜ್ಜಿಗೆ ಹುಷಾರಿಲ್ಲದ ವರ್ಷಗಳಲ್ಲಿ ಅಮ್ಮ ವಾರಕ್ಕೊಮ್ಮೆ ಪ್ಯಾಸೆಂಜರ್ ಗಾಡಿಯಲ್ಲಿ ತವರಿಗೆ ಹೋಗುತ್ತಿದ್ದಳು. ಅಪ್ಪನಿಗೆ ಡಬ್ಬಿಯಲ್ಲಿ ಮುದ್ದೆ ಬಸ್ಸಾರು ತರುತ್ತಿದ್ದಳು. ಗಾಡಿ ಗುಬ್ಬಿಯಲ್ಲಿ ಒಂದೆರಡು ನಿಮಿಷ ನಿಂತರೆ ಹೆಚ್ಚು. ಡಬ್ಬಿ ಕಿಟಕಿಯಿಂದ ಕೈ ಬದಲಾಗುವಷ್ಟರಲ್ಲಿ ಸೀಟಿ. ಆದರೆ ಎದುರು ಗಾಡಿ ತಡವಾದ ದಿನ ಪ್ಯಾಸೆಂಜರನ್ನು ಲೂಪಿಗೆ ಹಾಕುತ್ತಿದ್ದರು. ಹತ್ತು ನಿಮಿಷ, ಕೆಲವು ದಿನ ಇಪ್ಪತ್ತು. ಅಮ್ಮ ಇಳಿದು ಬೇವಿನ ಮರದ ಕೆಳಗೆ ಕೂರುತ್ತಿದ್ದಳು. ಅಪ್ಪ ಊಟ ಮಾಡುತ್ತಿದ್ದ. "ಕ್ರಾಸಿಂಗ್ ಇದ್ದ ದಿನ ಮಾತು, ಇಲ್ದಿದ್ದ ದಿನ ಬರೀ ಡಬ್ಬಿ" ಎಂದು ಹೇಳಿ ಅಪ್ಪ ಫಿಶ್ ಪ್ಲೇಟ್ ಹುಡುಕಲು ತೊಡಗಿದ. ತಂಗಿ ಆಮೇಲೆ ಓವಲ್ ಮಾತೆತ್ತಲಿಲ್ಲ.

ಅವಳು ಹೊರಡುವ ಎರಡು ದಿನ ಮೊದಲು ಗಾಡಿ ಓಡಿತು. 12 ವೋಲ್ಟಿನ ಕರೆಂಟು ಹಳಿಯಲ್ಲೇ ಹರಿಯುತ್ತದೆ. ಈ ಪಾಯಿಂಟುಗಳ ಗುಣವೇನೆಂದರೆ ಯಾವ ಕಡೆಗೆ ತಿರುಗಿದೆಯೋ ಆ ಹಳಿಗೆ ಮಾತ್ರ ಕರೆಂಟು ಬಿಡುತ್ತವೆ. ಎರಡು ಪಾಯಿಂಟನ್ನೂ ಮೈನಿಗೆ ತಿರುಗಿಸಿದರೆ ಲೂಪಿನ ಗಾಡಿ ತಾನಾಗಿ ನಿಂತಿರುತ್ತದೆ, ಮೈನಿನ ಗಾಡಿ ಹೊರಟು ಕಾಡು ಸುತ್ತಿ ಬರುತ್ತದೆ. ಆಮೇಲೆ ಪಾಯಿಂಟುಗಳನ್ನು ಲೂಪಿಗೆ ತಿರುಗಿಸಿ, ಡಬ್ಬಿಯ ಗುಂಡಿಯಲ್ಲಿ ದಿಕ್ಕು ಬದಲಿಸಿದರೆ ಇದು ನಿಂತು ಅದು ಎದುರು ದಿಕ್ಕಿಗೆ ಹೊರಡುತ್ತದೆ. ಬೇರೆ ತಂತಿಯಿಲ್ಲ, ಬೇರೆ ಯಂತ್ರವಿಲ್ಲ. ಒಂದು ಹೋಗಬೇಕೆಂದರೆ ಇನ್ನೊಂದು ನಿಲ್ಲಲೇಬೇಕು.

ತಂಗಿ ಇಂಗ್ಲೆಂಡಿಗೆ ಹೋಗಿ ಒಂದು ವರ್ಷವಾಗುತ್ತ ಬಂತು. ಅಪ್ಪನ ಕೋಣೆಗೆ ಈಗ ಬೀದಿಯ ಹುಡುಗರು ಬರುತ್ತಾರೆ. ಅವರಿಗೆ ಯಾವ ಗಾಡಿ ಮೊದಲು, ಯಾವುದು ಕಾಯಬೇಕು ಎಂದು ಅವನು ಕಟ್ಟುನಿಟ್ಟಾಗಿ ಹೇಳುತ್ತಾನೆ. ಕಳೆದ ತಿಂಗಳು ಕುಣಿಗಲ್ಲಿನ ನನ್ನ ನಾಲ್ಕು ವಿದ್ಯಾರ್ಥಿಗಳು ನೋಡಲು ಬಂದಿದ್ದರು. ತುಮಕೂರಿನ ದಾರಿ ಈಗ ಜೋಡಿ ಹಳಿ, ಇಲ್ಲಿನ ಹುಡುಗರಿಗೆ ಗಾಡಿ ಯಾಕೆ ನಿಂತಿದೆ ಎಂದು ಪ್ರತಿ ಸಲ ವಿವರಿಸಬೇಕು. ಕುಣಿಗಲ್ ದಾರಿ ಒಂಟಿ ಹಳಿ. ಲೂಪಿನಲ್ಲಿ ನಿಂತ ಗಾಡಿ ನೋಡಿ ಅವರಲ್ಲೊಬ್ಬಳು, "ಕ್ರಾಸಿಂಗಾ ತಾತ?" ಎಂದಳು.

ಅಪ್ಪ ತಲೆಯೆತ್ತಿ ನೋಡಿದ. "ಕೂತ್ಕಳವ್ವ" ಎಂದು ಮಂಚದ ಮೇಲೆ ಜಾಗ ಮಾಡಿಕೊಟ್ಟು, "ನಿಮ್ಮೂರಲ್ಲಿ ಎಷ್ಟೊತ್ತು ನಿಲ್ಲುಸ್ತಾರೆ?" ಎಂದು ಕೇಳಿದ.